ಸರ್ಟಿಫಿಕೇಟು ಕೊಡುವ ಜರ್ನಲ್ಲು, ತಿದ್ದಿ ಕೊಡುವ ಜರ್ನಲ್ಲು

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇವೆ. ಕಳೆದ ವರ್ಷ ನಮ್ಮ ತಾಲ್ಲೂಕಿನ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರೊಬ್ಬರ ಪ್ರಬಂಧ ‘ಅಂತಾರಾಷ್ಟ್ರೀಯ ಜರ್ನಲ್’ನಲ್ಲಿ ಪ್ರಕಟವಾಗಿದೆ ಅಂತ ನಾವೇ ಸುದ್ದಿ ಕಳಿಸಿದ್ದೆವು. ಪಾಸ್‌ಪೋರ್ಟ್ ಸೈಜಿನ ಫೋಟೊ, ಎಂಟು ಸಾಲು, ಕೊನೆಗೆ ‘ಪ್ರಾಂಶುಪಾಲರು ಹಾಗೂ ಸಿಬ್ಬಂದಿ ಅಭಿನಂದಿಸಿದ್ದಾರೆ’. ಜರ್ನಲ್ ಯಾವುದು, ಯಾರು ನಡೆಸುತ್ತಾರೆ ಅಂತ ನಾವು ಕೇಳಲಿಲ್ಲ. ಇಂಥ ಸುದ್ದಿಗೆ ಯಾರೂ ಕೇಳುವುದಿಲ್ಲ.

ಆಮೇಲೆ ಒಂದು ದಿನ ಟೀ ಕುಡಿಯುತ್ತಾ ಆ ಮೇಷ್ಟ್ರು ತಮ್ಮ ಮೊಬೈಲ್ ತೋರಿಸಿದರು. ವಾಟ್ಸ್ಆ್ಯಪ್‌ನಲ್ಲಿ ಬಂದ ಜಾಹೀರಾತು. ‘ಲೇಖಕರಿಗೆ ಸೌಲಭ್ಯಗಳು’ ಅಂತ ಪಟ್ಟಿ: ಮೂರು ದಿನದಲ್ಲಿ ಪ್ರಕಟಣೆ, ಡಿಒಐ ನಂಬರ್, ಇ-ಸರ್ಟಿಫಿಕೇಟ್, ಅಂಚೆಯಲ್ಲಿ ಮುದ್ರಿತ ಪ್ರತಿ, ಇನ್ನೊಂದಿಷ್ಟು ಕೊಟ್ಟರೆ ‘ಉತ್ತಮ ಸಂಶೋಧಕ’ ಪ್ರಶಸ್ತಿ. ಜತೆಗೊಬ್ಬರ ಹೆಸರು ಸೇರಿಸಬೇಕಾದರೆ ಅದಕ್ಕೆ ಬೇರೆ ರೇಟು. ಮದುವೆ ಫೋಟೊ ಆಲ್ಬಮ್‌ಗೆ ಪ್ಯಾಕೇಜ್ ಕೊಟ್ಟ ಹಾಗೆ.

“ಅಣ್ಣಾ, ಗೊತ್ತಿದ್ದೇ ದುಡ್ಡು ಕಟ್ಟಿದೆ. ಫೈಲಿಗೆ ಒಂದು ಪೇಪರ್ ಬೇಕಿತ್ತು. ಆದರೆ ಯಾರಾದರೂ ಒಬ್ಬರು ಓದಿರ್ತಾರೆ ಅಂದ್ಕೊಂಡಿದ್ದೆ” ಅಂದರು. ಯಾರೂ ಓದಿರಲಿಲ್ಲ. ಶೀರ್ಷಿಕೆಯಲ್ಲೇ ಇದ್ದ ಅಕ್ಷರದೋಷ ಹಾಗೇ ಅಚ್ಚಾಗಿತ್ತು.

ಫೈಲಿಗೆ ಪೇಪರ್ ಯಾಕೆ ಬೇಕು ಅನ್ನುವುದು ಗುಟ್ಟೇನಲ್ಲ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಒಂದೊಂದು ಪ್ರಬಂಧಕ್ಕೆ 2 ಅಂಕ. ಕಾಲೇಜು ಹುದ್ದೆಗಾದರೆ ಗರಿಷ್ಠ 6, ವಿಶ್ವವಿದ್ಯಾಲಯಕ್ಕಾದರೆ 10. ವರ್ಷ ವರ್ಷ ಕೌನ್ಸೆಲಿಂಗ್‌ಗೆ ಕಾದು ಕೆಲಸ ಹಿಡಿಯುವವರಿಗೆ ಎರಡು ಅಂಕ ಅಂದರೆ ಸಣ್ಣದಲ್ಲ. ಈ ಎರಡು ಅಂಕದ ಸುತ್ತಲೇ ಒಂದು ವ್ಯಾಪಾರ ಬೆಳೆದು ನಿಂತಿದೆ.

ಈ ಪಟ್ಟಿಯಲ್ಲಿರುವ ‘ಸೌಲಭ್ಯ’ಗಳ ಬೆಲೆ ಎಷ್ಟು ಅಂತ ನೋಡೋಣ. ಐಎಸ್‌ಎಸ್‌ಎನ್ ಅನ್ನುವುದು ನಿಯತಕಾಲಿಕದ ಗುರುತಿನ ಸಂಖ್ಯೆ ಅಷ್ಟೇ. ಪತ್ರಿಕೆಗಳಿಗೆ ಆರ್‌ಎನ್‌ಐ ನಂಬರ್ ಇದ್ದ ಹಾಗೆ. ಆರ್‌ಎನ್‌ಐ ನಂಬರ್ ಇದ್ದ ಮಾತ್ರಕ್ಕೆ ಪತ್ರಿಕೆ ಒಳ್ಳೆಯದು ಅಂತ ನಮ್ಮಲ್ಲಿ ಯಾರಾದರೂ ಹೇಳುತ್ತೇವೆಯೇ? ಡಿಒಐ ಪ್ರಬಂಧದ ಮನೆ ನಂಬರ್ ಇದ್ದ ಹಾಗೆ. ಮನೆಯೊಳಗೆ ಏನಿದೆ ಅಂತ ಅದು ಹೇಳುವುದಿಲ್ಲ. ಕೃತಿಚೌರ್ಯ ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಕೇಳುತ್ತಾರೆ. ಆದರೆ ಇನ್‌ಫ್ಲಿಬ್‌ನೆಟ್‌ನ ‘ಶೋಧಶುದ್ಧಿ’ ಯೋಜನೆಯಲ್ಲಿ ವಿಶ್ವವಿದ್ಯಾಲಯಗಳಿಗೆ 2019ರಿಂದಲೇ ಆ ತಂತ್ರಾಂಶ ಸಿಗುತ್ತಿದೆ. ಸಂಶೋಧಕರ ಗುರುತಿಗೆ ಬೇಕಾದ ಆರ್ಕಿಡ್ ಸಂಖ್ಯೆಯನ್ನು ಯಾರು ಬೇಕಾದರೂ ಕುಳಿತಲ್ಲೇ ಪುಕ್ಕಟೆ ಮಾಡಿಕೊಳ್ಳಬಹುದು.

ಹಾಗಾದರೆ ಒಂದು ಜರ್ನಲ್ ಲೇಖಕರಿಗೆ ನಿಜವಾಗಿ ಕೊಡಬೇಕಾದ್ದು ಏನು? ವಿಷಯ ತಿಳಿದ ಇಬ್ಬರು ಮೂವರು ಕೂತು ಓದಿ, ‘ಈ ಅಂಕಿ ಎಲ್ಲಿಂದ ಬಂತು, ಈ ತೀರ್ಮಾನಕ್ಕೆ ಆಧಾರ ಏನು’ ಅಂತ ಬರೆದು ಕಳಿಸಬೇಕು. ಸಂಪಾದಕರು ಭಾಷೆ ತಿದ್ದಬೇಕು. ಹತ್ತು ವರ್ಷ ಬಿಟ್ಟು ಹುಡುಕಿದರೂ ಪ್ರಬಂಧ ಸಿಗಬೇಕು. ತಪ್ಪಿದ್ದರೆ ತಿದ್ದುಪಡಿ ಹಾಕಬೇಕು. ನಮಗೆ ಇದು ಅರ್ಥವಾಗದ ವಿಷಯವಲ್ಲ. ರಾತ್ರಿ ಡೆಸ್ಕ್‌ನವರು ಫೋನ್ ಮಾಡಿ ‘ಪಂಚಾಯಿತಿ ಹೆಸರು ಸರಿ ಇದೆಯಾ’ ಅಂತ ಕೇಳಿದಾಗ ಬೇಜಾರಾಗುತ್ತದೆ. ಮಾರನೇ ದಿನ ನಮ್ಮ ಮರ್ಯಾದೆ ಉಳಿಸುವುದು ಅದೇ ಫೋನು.

ಅಸಲಿ ಜರ್ನಲ್‌ಗಳೂ ದುಡ್ಡು ಕೇಳುವುದಿಲ್ಲವೇ ಅಂತ ಕೇಳಬಹುದು. ಕೆಲವು ಕೇಳುತ್ತವೆ. ಪ್ರಬಂಧವನ್ನು ಎಲ್ಲರೂ ಉಚಿತವಾಗಿ ಓದುವಂತೆ ಮಾಡಲು ‘ನೇಚರ್’ ಪತ್ರಿಕೆ 2021ರಲ್ಲಿ ನಿಗದಿ ಮಾಡಿದ ಶುಲ್ಕ 9,500 ಯೂರೋ. ಬಡ ದೇಶಗಳ ಲೇಖಕರಿಗೆ ದೊಡ್ಡ ಪ್ರಕಾಶಕರು ಕೊಡುವ ಶುಲ್ಕ ವಿನಾಯಿತಿ ಸಾಮಾನ್ಯವಾಗಿ ಭಾರತದವರಿಗೆ ತಾನಾಗಿ ಸಿಗುವುದಿಲ್ಲ, ನಮ್ಮದು ದೊಡ್ಡ ಆರ್ಥಿಕತೆ ಅಂತ. ಆದರೆ ಲೇಖಕರಿಂದ ಶುಲ್ಕ ಪಡೆಯದ ಒಳ್ಳೆಯ ಜರ್ನಲ್‌ಗಳು ನಮ್ಮಲ್ಲೇ ಇವೆ. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇಂಥ ಜರ್ನಲ್‌ಗಳನ್ನು ನಡೆಸುತ್ತದೆ. ಸಮಾಜ ವಿಜ್ಞಾನಕ್ಕೆ ಮುಂಬೈನ ಇಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ ಇದೆ. ಅಲ್ಲಿ ತಿಂಗಳುಗಟ್ಟಲೆ ಕಾಯಬೇಕು, ತಿರಸ್ಕಾರವಾದರೆ ನುಂಗಿಕೊಳ್ಳಬೇಕು. ಮೂರು ದಿನದ ಭರವಸೆ ಅಲ್ಲಿಲ್ಲ.

ಸರ್ಕಾರಕ್ಕೆ ಈ ದಂಧೆ ಗೊತ್ತಿಲ್ಲ ಅಂತಲ್ಲ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. ಆಮೇಲೆ ಕೇರ್ ಪಟ್ಟಿ ಬಂತು. 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಹೈದರಾಬಾದ್ ಮೂಲದ ಓಮಿಕ್ಸ್ ಪ್ರಕಾಶನ ಸಂಸ್ಥೆಗೆ, ಸಂಶೋಧಕರನ್ನು ದಾರಿ ತಪ್ಪಿಸಿದ್ದಕ್ಕೆ 5 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು ಆದೇಶಿಸಿತು. 2025ರ ಫೆಬ್ರವರಿಯಲ್ಲಿ ಯುಜಿಸಿ ಕೇರ್ ಪಟ್ಟಿಯನ್ನೂ ನಿಲ್ಲಿಸಿ, ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ಅಂತ ಆಯಾ ಸಂಸ್ಥೆಗಳೇ ನೋಡಿಕೊಳ್ಳಲಿ ಅಂದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಬಂತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್‌ಗಳು. ಒಳ್ಳೆಯದೇ. ಓದುವವರಿಗೆ ಬಾಗಿಲು ತೆರೆಯಿತು. ಬರೆಯುವವರಿಗೆ ಇದ್ದ ಒಂದು ಕಾವಲು ಹೋಯಿತು.

ಕೇರ್ ಪಟ್ಟಿಯಲ್ಲಿ ಲೋಪ ಇರಲಿಲ್ಲ ಅಂತ ನಾವು ಹೇಳುವುದಿಲ್ಲ. ಪಟ್ಟಿಯಲ್ಲಿದ್ದ ಜರ್ನಲ್‌ಗಳ ಹೆಸರಿನಲ್ಲೇ ನಕಲಿ ವೆಬ್‌ಸೈಟ್ ಮಾಡಿ ದುಡ್ಡು ಕಿತ್ತವರಿದ್ದರು. ಆದರೂ ‘ಸಂಸ್ಥೆಯೇ ನೋಡಿಕೊಳ್ಳಲಿ’ ಅನ್ನುವ ಮಾತು ದೊಡ್ಡ ವಿಶ್ವವಿದ್ಯಾಲಯಕ್ಕೆ ಸರಿ. ಗ್ರಂಥಪಾಲಕರ ಹುದ್ದೆಯೇ ಖಾಲಿ ಇರುವ ತಾಲ್ಲೂಕು ಕಾಲೇಜಿನಲ್ಲಿ ನೋಡಿಕೊಳ್ಳುವವರು ಯಾರು? ಅಲ್ಲಿ ಮೊದಲು ಬಂದು ತಲುಪುವುದು ವಾಟ್ಸ್ಆ್ಯಪ್ ಪ್ಯಾಕೇಜೇ.

ದುಡ್ಡು ಹೋಗಿದ್ದು ಸಣ್ಣ ನಷ್ಟ. ಆ ಮೇಷ್ಟ್ರು ಮೂರು ವರ್ಷ ನಮ್ಮ ತಾಲ್ಲೂಕಿನ ಸಂತೆಗಳನ್ನು ಸುತ್ತಿ, ಸೊಪ್ಪು ತರಕಾರಿ ಮಾರುವ ಹೆಂಗಸರು ಕೈಸಾಲ ಹೇಗೆ ತೀರಿಸುತ್ತಾರೆ ಅಂತ ಬರೆದುಕೊಂಡಿದ್ದರು. ನಾವು ಅದೇ ಸಂತೆಗಳ ಸುದ್ದಿ ಎಷ್ಟೋ ಸಲ ಮಾಡಿದ್ದೇವೆ, ಅಷ್ಟು ಒಳಗೆ ಹೋಗಿರಲಿಲ್ಲ. ಈಗ ಆ ಪ್ರಬಂಧವನ್ನು ಒಳ್ಳೆಯ ಕಡೆ ಕಳಿಸೋಣ ಅಂದರೆ ಆಗುವುದಿಲ್ಲ. ಒಂದು ಕಡೆ ಪ್ರಕಟವಾದದ್ದನ್ನು ಅಸಲಿ ಜರ್ನಲ್ ಮತ್ತೆ ತೆಗೆದುಕೊಳ್ಳುವುದಿಲ್ಲ. ಮೂರು ವರ್ಷದ ಕೆಲಸ ಯಾರೂ ಓದದ ಜಾಗದಲ್ಲಿ ಬಿದ್ದಿದೆ.

ವಿಶ್ವವಿದ್ಯಾಲಯಗಳು ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ವಿಷಯವಾರು ಒಳ್ಳೆಯ ಜರ್ನಲ್‌ಗಳ ಪಟ್ಟಿ ಮಾಡಿ ತಮ್ಮ ಅಧೀನದ ಪ್ರತಿ ಕಾಲೇಜಿಗೂ ಕಳಿಸಲಿ. ಅನುಮಾನ ಬಂದವರು ಕೇಳಲು ಒಂದು ಫೋನ್ ನಂಬರ್ ಕೊಡಲಿ. ಮೈಸೂರು ವಿಶ್ವವಿದ್ಯಾಲಯದ ‘ಪ್ರಬುದ್ಧ ಕರ್ನಾಟಕ’ದಂಥ ಪರಂಪರೆ ಇರುವ ನಾಡು ಇದು. ಸರಿಯಾಗಿ ಓದಿ ತಿದ್ದಿ ಪ್ರಕಟಿಸುವ ಕನ್ನಡದ ಜರ್ನಲ್‌ಗಳಿಗೆ ಸಂಪಾದಕರನ್ನೂ ಹಣವನ್ನೂ ಕೊಡಲಿ. ಸಂತೆಯ ಹೆಂಗಸರ ಬಗ್ಗೆ ಕನ್ನಡದಲ್ಲೇ ಬರೆದರೆ ಓದುವವರು ಹೆಚ್ಚು.

ಪತ್ರಕರ್ತರಾದ ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಸಲ ‘ಪ್ರಬಂಧ ಪ್ರಕಟ’ ಅಂತ ಕಾಲೇಜಿನಿಂದ ಫೋಟೊ ಬಂದರೆ ಮೂರು ಪ್ರಶ್ನೆ ಕೇಳುತ್ತೇವೆ: ಪ್ರಬಂಧದಲ್ಲಿ ಏನು ಕಂಡುಕೊಂಡಿರಿ? ಪ್ರಕಟಣೆಗೆ ಮೊದಲು ಯಾರಾದರೂ ಓದಿ ತಿದ್ದಲು ಹೇಳಿದರೇ? ಎಷ್ಟು ದುಡ್ಡು ಕಟ್ಟಿದಿರಿ? ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದರೆ ಎಂಟು ಸಾಲಿನ ಅಭಿನಂದನೆ ಯಾಕೆ, ಅರ್ಧ ಪುಟದ ವರದಿಯನ್ನೇ ಮಾಡೋಣ. ಸಂತೆಯ ವರದಿಯಿಂದಲೇ ಶುರು ಮಾಡುತ್ತಿದ್ದೇವೆ. ಬರುವ ಸೋಮವಾರ ಮೇಷ್ಟ್ರ ಜತೆ ಹೋಗುವುದು ಅಂತಾಗಿದೆ.