ವೀರರ ಚಿತ್ರಗಳೂ ಪೌರರ ಶಾಂತಿಯೂ

2022ನೆಯ ಇಸವಿ ಆಗಸ್ಟ್ 15ರಂದು, ದೇಶವೆಲ್ಲವೂ ಸ್ವಾತಂತ್ರ್ಯದ ಎಪ್ಪತ್ತೈದು ವರ್ಷಗಳು ತುಂಬಿದ ಉತ್ಸವದಲ್ಲಿ ಮಗ್ನವಾಗಿದ್ದಾಗ, ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ನಡೆದುದನ್ನು ನಮ್ಮ ವಾಚಕರು ಮರೆತಿರಲಾರರು. ಸಾವರ್ಕರರ ಚಿತ್ರಪಟವನ್ನು ಅಲ್ಲಿ ಕಟ್ಟಿದವರಿಗೂ, ಅದನ್ನು ಆಕ್ಷೇಪಿಸಿ ಟಿಪ್ಪು ಸುಲ್ತಾನನ ಚಿತ್ರಪಟವನ್ನು ಮುಂದೆ ತಂದವರಿಗೂ ಕಲಹ ಹುಟ್ಟಿತು. ಅದೇ ದಿನ ಯುವಕನೊಬ್ಬನು ಚೂರಿಯ ಇರಿತಕ್ಕೆ ಗುರಿಯಾದನು; ನಿಷೇಧಾಜ್ಞೆ ಜಾರಿಗೆ ಬಂದಿತು; ಮರುದಿನ ಶಿವಮೊಗ್ಗ ಭದ್ರಾವತಿಗಳ ಶಾಲೆಗಳು ತೆರೆಯಲಿಲ್ಲ. ಒಂದು ವರ್ಷ ಕಳೆದು 2023ರ ಅಕ್ಟೋಬರ್ 1ರಂದು ಈದ್ ಮಿಲಾದ್ ಮೆರವಣಿಗೆಯ ಸಮಯದಲ್ಲಿ ರಾಗಿಗುಡ್ಡದಲ್ಲಿ ಕಲ್ಲುಗಳು ತೂರಿದುವು, ಪುನಃ ನಿಷೇಧಾಜ್ಞೆ. ಯಾರದು ಎಷ್ಟು ತಪ್ಪೆಂಬುದನ್ನು ನಿರ್ಣಯಿಸುವುದು ನ್ಯಾಯಸ್ಥಾನಗಳಿಗೆ ಸೇರಿದ ವಿಷಯ. ಗತಿಸಿದ ವೀರರ ನೆನಪು ಬದುಕಿರುವವರ ಬೀದಿಗಳನ್ನು ಏತಕ್ಕೆ ಮುಚ್ಚಿಸುತ್ತಿದೆಯೆಂಬುದೇ ನಾವು ಇಲ್ಲಿ ವಿಚಾರಿಸಬಯಸುವ ಪ್ರಶ್ನೆ.

ಈ ರೋಗವು ನಮಗೊಬ್ಬರಿಗೇ ಬಂದುದಲ್ಲ. ಐರ್ಲೆಂಡಿನ ಜನರು ಇದನ್ನು ನಮಗಿಂತ ಬಹುಕಾಲ ಅನುಭವಿಸಿದ್ದಾರೆ. ನಮ್ಮ ರಾಷ್ಟ್ರೀಯ ಚಳವಳಿಯ ಹಿರಿಯರು ಆ ಪುಟ್ಟ ದ್ವೀಪದ ಹೋರಾಟವನ್ನು ಕಣ್ಣಿಟ್ಟು ನೋಡುತ್ತಿದ್ದರು. 1916ರ ಏಪ್ರಿಲ್ 24ರಂದು ಡಬ್ಲಿನ್ ನಗರದ ಪ್ರಧಾನ ಅಂಚೆ ಕಚೇರಿಯ ಮುಂದೆ ಪ್ಯಾಟ್ರಿಕ್ ಪಿಯರ್ಸನು ಗಣರಾಜ್ಯದ ಘೋಷಣೆಯನ್ನು ಓದಿದನು. ದಂಗೆ ವಾರದೊಳಗೆ ಅಡಗಿತು. ಆದರೆ ಅದರ ನಾಯಕರನ್ನು ಒಬ್ಬರಾದ ಮೇಲೊಬ್ಬರಂತೆ ಗುಂಡಿಟ್ಟು ಕೊಂದುದು, ಅದರಲ್ಲಿಯೂ ಗಾಯಗೊಂಡಿದ್ದ ಜೇಮ್ಸ್ ಕಾನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಕೊಂದುದು, ದಂಗೆಗೆ ದೊರೆಯದಿದ್ದ ಜನಸಮ್ಮತಿಯನ್ನು ದೊರಕಿಸಿಕೊಟ್ಟಿತು. ಇಷ್ಟನ್ನು ನಮ್ಮವರು ಬಲ್ಲರು. ಸ್ವಾತಂತ್ರ್ಯ ಬಂದ ಮೇಲೆ ಏನಾಯಿತೆಂಬುದನ್ನು ಬಲ್ಲವರು ಕಡಿಮೆ. 1921ರಲ್ಲಿ ದ್ವೀಪವು ಎರಡಾಯಿತು; 1922-23ರಲ್ಲಿ ಸ್ವಾತಂತ್ರ್ಯಕ್ಕಾಗಿ ಒಟ್ಟಿಗೆ ಕಾದಿದ್ದವರೇ ಪರಸ್ಪರ ಕಾದಿದರು; ಉತ್ತರದಲ್ಲಿ ಕಳೆದ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಮೂರುವರೆ ಸಾವಿರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಆ ನಾಡಿನ ಪುರಾಣದಲ್ಲಿ ಕುಹುಲಿನ್ ಎಂಬ ವೀರನಿದ್ದಾನೆ. ಕೊನಾಕ್ಟಿನ ರಾಣಿ ಮೇವ್ ಎಂಬಾಕೆಯು ಒಂದು ಹೋರಿಗಾಗಿ ಅಲ್ಸ್ಟರ್ ಪ್ರಾಂತದ ಮೇಲೆ ದಂಡೆತ್ತಿ ಬಂದಾಗ, ಈ ತರುಣನು ಒಬ್ಬನೇ ನಿಂತು ನಾಡನ್ನು ಕಾಯ್ದನೆಂದು ಕಥೆ. ಮರಣಕಾಲದಲ್ಲಿ ಅವನು ತನ್ನನ್ನು ಒಂದು ಕಲ್ಲುಕಂಬಕ್ಕೆ ಬಿಗಿದುಕೊಂಡು, ನಿಂತೇ ಪ್ರಾಣಬಿಟ್ಟನಂತೆ. ಅವನ ಕಂಚಿನ ವಿಗ್ರಹವನ್ನು 1916ರ ಹುತಾತ್ಮರ ಸ್ಮಾರಕವಾಗಿ 1935ರಲ್ಲಿ ಡಬ್ಲಿನ್ನಿನ ಅದೇ ಅಂಚೆ ಕಚೇರಿಯಲ್ಲಿ ಸ್ಥಾಪಿಸಿದರು. ವಿಚಿತ್ರವೇನೆಂದರೆ, ಗಣರಾಜ್ಯವಾದಿಗಳ ಕಡುವೈರಿಗಳಾದ ಬೆಲ್ಫಾಸ್ಟಿನ ಬ್ರಿಟಿಷ್ ಪಕ್ಷಪಾತಿಗಳೂ ಅದೇ ವೀರನ ಚಿತ್ರವನ್ನು ತಮ್ಮ ಬೀದಿಯ ಗೋಡೆಯ ಮೇಲೆ ಬರೆಸಿಕೊಂಡರು. ಅವರ ಪಾಲಿಗೆ ಅವನು ಐರಿಷ್ ದಾಳಿಯಿಂದ ಅಲ್ಸ್ಟರನ್ನು ಕಾಯ್ದವನು! ಒಬ್ಬನೇ ವೀರನು ಎರಡು ಪಕ್ಷಗಳಿಗೂ ಆಯುಧವಾದನು. ಕಥೆಯಲ್ಲಿ ದೋಷವಿಲ್ಲ, ಅದನ್ನು ಗೋಡೆಗೆ ಹಚ್ಚಿದ ಉದ್ದೇಶದಲ್ಲಿ ದೋಷವಿದೆ.

ಈ ಕಥೆ ನಮ್ಮ ಜಿಲ್ಲೆಗೆ ಅಪರಿಚಿತವಾಗಿ ಕಾಣಬೇಕಾಗಿಲ್ಲ. ತುರುಗೊಳ್ಳುವವರನ್ನು ಅಡ್ಡಗಟ್ಟಿ ಮಡಿದವರ ವೀರಗಲ್ಲುಗಳು ಶಿಕಾರಿಪುರ ಸೊರಬಗಳ ಹೊಲಗದ್ದೆಗಳ ಅಂಚಿನಲ್ಲಿ ಇಂದಿಗೂ ನಿಂತಿವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ. ಊರಿನವರು ಅವಕ್ಕೆ ಎಣ್ಣೆ ಕುಂಕುಮಗಳನ್ನು ಏರಿಸುತ್ತಾರೆ. ಆದರೆ ಹಸುಗಳನ್ನು ಅಟ್ಟಿಕೊಂಡು ಹೋಗಬಂದವರ ಊರು ಯಾವುದೆಂದು ಹುಡುಕಿಕೊಂಡು ಹೋಗಿ ಇಂದು ಯಾರೂ ಜಗಳ ತೆಗೆಯುವುದಿಲ್ಲ. ವೀರನನ್ನು ಗೌರವಿಸುವುದಕ್ಕೆ ಶತ್ರುವೊಬ್ಬನು ಪಕ್ಕದ ಬೀದಿಯಲ್ಲಿ ಇರಲೇಬೇಕೆಂಬ ನಿಯಮವು ನಮ್ಮ ಪೂರ್ವಿಕರದಲ್ಲ.

ಮೆರವಣಿಗೆಗಳ ವಿಷಯದಲ್ಲಿಯೂ ಐರ್ಲೆಂಡಿನಿಂದ ಕಲಿಯತಕ್ಕದ್ದುಂಟು. 1690ರಲ್ಲಿ ಬಾಯ್ನ್ ನದಿಯ ದಂಡೆಯಲ್ಲಿ ನಡೆದ ಯುದ್ಧದ ವಿಜಯವನ್ನು ಉತ್ತರದ ಪ್ರಾಟೆಸ್ಟೆಂಟರು ಪ್ರತಿವರ್ಷವೂ ಜುಲೈ 12ರಂದು ನಗಾರಿ ಬಾರಿಸುತ್ತ ಆಚರಿಸುತ್ತಾರೆ. ಆ ನಗಾರಿ ಕ್ಯಾಥೊಲಿಕರ ಕೇರಿಯಲ್ಲಿ ಮೊಳಗಿದಾಗ, ಒಬ್ಬರಿಗೆ ಹಬ್ಬವಾದದ್ದು ಇನ್ನೊಬ್ಬರಿಗೆ ಅವಮಾನವಾಗಿ ಕೇಳುತ್ತಿತ್ತು. 1998ರ ಕಾನೂನು ಇದಕ್ಕೊಂದು ಮಾರ್ಗವನ್ನು ಮಾಡಿತು. ಮೆರವಣಿಗೆ ನಡೆಸುವವರು 28 ದಿನಗಳ ಮುಂಚಿತವಾಗಿ ತಿಳಿಸಬೇಕು. ವಿರೋಧ ಪ್ರದರ್ಶನ ಮಾಡುವವರು 14 ದಿನಗಳ ಮುಂಚೆ ತಿಳಿಸಬೇಕು. ವಿವಾದವಿದ್ದೆಡೆ ಮಾರ್ಗವನ್ನೂ ವೇಳೆಯನ್ನೂ ಸ್ವತಂತ್ರವಾದೊಂದು ಆಯೋಗವು ಗೊತ್ತುಮಾಡಿ ಬಹಿರಂಗಪಡಿಸುತ್ತದೆ. ಅದರ ನಿರ್ಣಯಗಳನ್ನು ಎರಡು ಪಕ್ಷದವರೂ ಬೈದುದುಂಟು. ಆದರೂ ಬೈಗಳಿನಿಂದ ಯಾರ ಪ್ರಾಣವೂ ಹೋಗುವುದಿಲ್ಲ.

ನಮ್ಮಲ್ಲಿ ಹಬ್ಬಕ್ಕೆ ಮುಂಚೆ ಪೊಲೀಸ್ ಅಧಿಕಾರಿಗಳು ಶಾಂತಿಸಭೆಗಳನ್ನು ಕರೆಯುವ ವಾಡಿಕೆಯುಂಟು. ಅಲ್ಲಿ ಚಹಾ ಸೇವನೆಯೂ ಸದ್ಭಾವನೆಯ ಭಾಷಣಗಳೂ ಮುಗಿದೊಡನೆ ಸಭೆಯೂ ಮುಗಿಯುತ್ತದೆ. ಇದು ಸಾಲದು. ಶಿವಮೊಗ್ಗಕ್ಕೊಂದು, ಭದ್ರಾವತಿಗೊಂದು ಸ್ಥಾಯಿಸಮಿತಿ ಇರಬೇಕು. ಅದರಲ್ಲಿ ವಕೀಲರೂ ಉಪಾಧ್ಯಾಯರೂ ವರ್ತಕರೂ ಕಾರ್ಮಿಕರೂ, ಹೆಂಗಸರೂ ಸಹ ಇರಬೇಕು. ಗಣಪತಿಯ ಮೆರವಣಿಗೆಯಾಗಲಿ ಮಿಲಾದಿನದಾಗಲಿ, ಮಾರ್ಗ, ವೇಳೆ, ಚಿತ್ರಪಟ, ಧ್ವನಿವರ್ಧಕ ಇವುಗಳ ಬಗ್ಗೆ ಒಂದೇ ನಿಯಮವಿದ್ದು, ಅದು ತಿಂಗಳ ಮುಂಚೆಯೇ ಅಚ್ಚಾಗಿ ಪ್ರಕಟವಾಗಬೇಕು. ಸರ್ವಜನರ ವೃತ್ತದಲ್ಲಿ ಯಾರ ಚಿತ್ರವನ್ನಾದರೂ ಲಿಖಿತ ಅನುಮತಿಯಿಲ್ಲದೆ ಕಟ್ಟಕೂಡದು. ಅನುಮತಿಯಿದ್ದುದನ್ನು ಯಾರೂ ಕೀಳಕೂಡದು. ನಿಯಮವು ಎಲ್ಲರಿಗೂ ಒಂದೇ ಆಗಿರುವವರೆಗೆ ಅದರ ಕಠಿಣತೆಯನ್ನು ಜನರು ಸಹಿಸುತ್ತಾರೆ. ಪಕ್ಷಪಾತದ ಸಂಶಯ ಬಂದೊಡನೆ ಮೃದುವಾದ ನಿಯಮವೂ ಅಸಹ್ಯವಾಗುತ್ತದೆ. ಭದ್ರಾವತಿಯು ಕಬ್ಬಿಣದ ಕಾರ್ಖಾನೆಯನ್ನು ನಂಬಿ ನಾನಾ ಭಾಷೆ, ನಾನಾ ಮತಗಳ ಜನರು ಬಂದು ಕಟ್ಟಿದ ಊರು. ಅಲ್ಲಿ ಒಂದು ದಿನ ಬಾಗಿಲು ಮುಚ್ಚಿದರೆ ದಿನಗೂಲಿಯವನ ಮನೆಯಲ್ಲಿ ಒಲೆ ಹತ್ತದು. ಆ ಹಸಿವಿಗೆ ಮತಭೇದವಿಲ್ಲ.

ಇದೇ ಜಿಲ್ಲೆಯ ಈಸೂರನ್ನು ನೆನೆಯದೆ ಈ ಲೇಖನವನ್ನು ಮುಗಿಸಲಾರೆವು. 1942ರ ಸೆಪ್ಟೆಂಬರಿನಲ್ಲಿ ಆ ಗ್ರಾಮದವರು ವೀರಭದ್ರ ದೇವಾಲಯದ ಮೇಲೆ ತ್ರಿವರ್ಣಧ್ವಜವನ್ನೇರಿಸಿ ತಾವು ಸ್ವತಂತ್ರರೆಂದು ಸಾರಿದರು. ಆ ತಿಂಗಳ 28ರ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಹತರಾದರು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು. ಐವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅಂದು ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡಿಗರೇ, ಅವರಿಗೂ ಮನೆಮಕ್ಕಳಿದ್ದರೆಂಬುದನ್ನು ಹೇಳಿದ ಮಾತ್ರಕ್ಕೆ ಆ ತ್ಯಾಗವು ಕುಂದುವುದಿಲ್ಲ. ಡಬ್ಲಿನ್ನಿನಲ್ಲಿ 2016ರಲ್ಲಿ ಗ್ಲಾಸ್ನೆವಿನ್ ಸ್ಮಶಾನದ ಗೋಡೆಯೊಂದರ ಮೇಲೆ, ದಂಗೆಯಲ್ಲಿ ಮಡಿದ ಬಂಡಾಯಗಾರರು, ಸಾಮಾನ್ಯ ಪೌರರು, ಬ್ರಿಟಿಷ್ ಸೈನಿಕರು ಎಲ್ಲರ ಹೆಸರುಗಳನ್ನೂ ಒಟ್ಟಿಗೆ ಕೆತ್ತಿಸಿದರು. ಆ ಗೋಡೆಗೆ ಬಣ್ಣವೆರಚಿದರು, ಸುತ್ತಿಗೆಯ ಪೆಟ್ಟನ್ನೂ ಹಾಕಿದರು. ಕೊನೆಗೆ 2022ರಲ್ಲಿ ಆ ಸ್ಮಾರಕವನ್ನೇ ಕೈಬಿಡಬೇಕಾಯಿತು. ಕಲ್ಲಿನಲ್ಲಿ ಕೆತ್ತುವುದಕ್ಕೆ ಮುಂಚೆ ಮನಸ್ಸುಗಳು ಸಿದ್ಧವಾಗಬೇಕೆಂಬುದು ಅದರ ಪಾಠ. ಆದುದರಿಂದ ನಾವು ಕೇಳುವುದು ಹೊಸ ಗೋಡೆಯನ್ನಲ್ಲ. ಈಸೂರಿನ ವೃತ್ತಾಂತವನ್ನು ನಮ್ಮ ಶಾಲೆಗಳಲ್ಲಿ ಪೂರ್ಣವಾಗಿ ಹೇಳಿರಿ. ಶೌರ್ಯವನ್ನೂ ಹೇಳಿರಿ, ರಕ್ತದ ಬೆಲೆಯನ್ನೂ ಹೇಳಿರಿ. ಅರ್ಧ ಕಥೆಯನ್ನು ಕೇಳಿ ಬೆಳೆದ ಬಾಲಕನಿಗೆ ಚಿತ್ರಪಟವು ಕೋಲಾಗಿ ಕಾಣುತ್ತದೆ. ಪೂರ್ಣ ಕಥೆಯನ್ನು ಬಲ್ಲವನು ಅದರ ಮುಂದೆ ಕ್ಷಣಕಾಲ ಸುಮ್ಮನೆ ನಿಲ್ಲುತ್ತಾನೆ.

ಸತ್ತವರಿಗೆ ನಮ್ಮ ಕಲಹದಿಂದ ಆಗಬೇಕಾದುದೇನೂ ಇಲ್ಲ. ಬರುವ ಹಬ್ಬದ ದಿನ ತುಂಗೆಯ ದಡದಲ್ಲಿಯೂ ಭದ್ರೆಯ ದಡದಲ್ಲಿಯೂ ಶಾಲೆಗಳು ತೆರೆದಿರಲಿ, ಅಂಗಡಿಗಳು ತೆರೆದಿರಲಿ. ಮಹಾಜನರೂ ಅಧಿಕಾರಿವರ್ಗದವರೂ ವೀರರಿಗೆ ಸಲ್ಲಿಸಬೇಕಾದ ಪೂಜೆಗಳಲ್ಲಿ ಇದು ಮೊದಲನೆಯದೆಂದು ನಾವು ಭಾವಿಸುತ್ತೇವೆ.