ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ?

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಸಣ್ಣ ಉಪಾಯದಿಂದ ಮುಗಿಯುತ್ತಿದ್ದ ಕೆಲಸವನ್ನು ಅಲಕ್ಷಿಸಿ, ಅದು ಬೆಳೆದ ಮೇಲೆ ದೊಡ್ಡ ಆಯುಧವನ್ನೆತ್ತುವವರನ್ನು ಕುರಿತು ಈ ಮಾತು ಹುಟ್ಟಿದೆ. ಕಾಲಿನ ಹೆಬ್ಬೆರಳಿನ ಉಗುರು ಪಕ್ಕದ ಮಾಂಸಕ್ಕೆ ನೆಟ್ಟುಕೊಳ್ಳುವ ಬೇನೆಯ ವಿಷಯದಲ್ಲಂತೂ ಈ ಗಾದೆ ಅಕ್ಷರಶಃ ಸತ್ಯವಾಗುತ್ತದೆ.

ಈ ಬೇನೆ ಹೆಚ್ಚಾಗಿ ಕಾಡುವುದು ಹದಿಹರೆಯದವರನ್ನು ಮತ್ತು ತರುಣರನ್ನು; ಎಂದರೆ ಈ ಪತ್ರಿಕೆಯನ್ನು ಓದುವ ವಯಸ್ಸಿನವರನ್ನೇ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ತಡೆದ ಘಟಪ್ರಭೆಯ ನೀರು ಕಾಲುವೆಗಳಲ್ಲಿ ಹರಿದು ಗೋಕಾಕ, ಮೂಡಲಗಿಗಳ ಹೊಲಗಳನ್ನು ತೋಯಿಸುತ್ತದೆ. ಈ ಸೀಮೆಯ ಒಕ್ಕಲಿಗರ ಮನೆಯ ಹುಡುಗನೊಬ್ಬನು ಹಗಲೆಲ್ಲ ಬಿಗಿಯಾದ ಬೂಟಿನೊಳಗೆ ಕಾಲನ್ನಿರಿಸಿ, ಸಂಜೆ ಕಬ್ಬಿಗೆ ನೀರು ಹಾಯಿಸಲು ಕೆಸರಿಗಿಳಿದನೆಂದರೆ, ಅವನ ಬೆರಳಿನ ಚರ್ಮ ಬೆವರಿನಿಂದಲೂ ನೀರಿನಿಂದಲೂ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ, ಪಕ್ಕದಿಂದ ಒತ್ತುವ ಬೂಟು, ಮೂಲೆ ಕತ್ತರಿಸಿದ ಉಗುರು: ಈ ಮೂರೂ ಕೂಡಿದಲ್ಲಿ ಬೇನೆ ಬರುವುದಕ್ಕೆ ತಡವಿಲ್ಲ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕಾಗಿದೆ. ನಮ್ಮ ಜನರು ಬೆರಳ ತುದಿಯ ಊತಗಳನ್ನೆಲ್ಲ ‘ಉಗುರುಸುತ್ತು’ ಎಂದು ಕರೆದು, ನಿಂಬೆಹಣ್ಣನ್ನು ಕೊರೆದು ಬೆರಳಿಗೆ ಸಿಕ್ಕಿಸುವುದುಂಟು. ನಿಜವಾದ ಉಗುರುಸುತ್ತು ಉಗುರಿನ ಸುತ್ತಲಿನ ಚರ್ಮಕ್ಕೆ ತಗಲುವ ಸೋಂಕು. ನಾವು ಇಲ್ಲಿ ಹೇಳುತ್ತಿರುವುದರಲ್ಲಿ ಉಗುರಿನ ಅಂಚೇ ಮುಳ್ಳಿನಂತೆ ಮಾಂಸವನ್ನು ಇರಿಯುತ್ತದೆ. ಸೋಂಕು ಬಂದರೆ ಅನಂತರ ಬರುತ್ತದೆ. ಮುಳ್ಳು ಒಳಗಿರುವಾಗ ಮೇಲೆ ಏನನ್ನು ಸಿಕ್ಕಿಸಿದರೆ ಏನು ಫಲ?

ವೈದ್ಯರು ಈ ಬೇನೆಯನ್ನು ಮೂರು ಹಂತಗಳಾಗಿ ವಿಂಗಡಿಸುತ್ತಾರೆ. 1937ರಲ್ಲಿ ಹೈಫೆಟ್ಸ್ ಎಂಬ ವೈದ್ಯನು ಮಾಡಿದ ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಮೊದಲನೆಯದರಲ್ಲಿ ಉಗುರಿನ ಪಕ್ಕದ ಚರ್ಮ ಕೆಂಪಾಗಿ, ಸ್ವಲ್ಪ ಊದಿ, ಒತ್ತಿದರೆ ನೋಯುತ್ತದೆ. ಎರಡನೆಯದರಲ್ಲಿ ಸೋಂಕು ಸೇರಿ ಕೀವು ಒಸರುತ್ತದೆ. ಮೂರನೆಯದರಲ್ಲಿ ಕೆಂಪು ದುರ್ಮಾಂಸ ಬೆಳೆದು ಉಗುರಿನ ಅಂಚನ್ನು ಮುಚ್ಚುತ್ತದೆ. ಶಸ್ತ್ರವಿಲ್ಲದ ಚಿಕಿತ್ಸೆಗಳಿಗೆ ತಕ್ಕ ಕಾಲ ಮೊದಲನೆಯ ಹಂತ. ದುರ್ದೈವದಿಂದ ಬಹುಮಂದಿ ಬ್ಲೇಡನ್ನು ಕೈಗೆತ್ತಿಕೊಳ್ಳುವುದೂ ಈ ಹಂತದಲ್ಲಿಯೇ.

ಬ್ಲೇಡಿನಿಂದ ಮೂಲೆಯನ್ನು ಕೊರೆದು ತೆಗೆದಾಗ ನೋವು ಒಮ್ಮೆಗೇ ಇಳಿಯುವುದು ಸುಳ್ಳಲ್ಲ. ಆದರೆ ಮೂಲೆ ಹೋದ ಜಾಗದಲ್ಲಿ ಚರ್ಮ ಉಬ್ಬಿ ಉಗುರಿನ ದಾರಿಗೆ ಅಡ್ಡ ನಿಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ಒಳಗೆ ಕತ್ತರಿಸದೆ ಉಳಿದ ಚೂಪಾದ ಸೀಳು, ಉಗುರು ಮುಂದೆ ಬೆಳೆದಂತೆ, ಅದೇ ಚರ್ಮವನ್ನು ಇರಿಯುತ್ತದೆ. ಕೆಲವು ವಾರಗಳ ಮೇಲೆ ನೋವು ಮರಳಿ ಬರುತ್ತದೆ, ಮತ್ತೆ ಬ್ಲೇಡು. ಹೀಗೆ ಔಷಧವೆಂದು ತಿಳಿದದ್ದೇ ರೋಗಕ್ಕೆ ಕಾರಣವಾಗುತ್ತದೆ. ಉಗುರಿನ ನಡುವೆ ತ್ರಿಕೋಣಾಕಾರದ ಕಚ್ಚು ಹಾಕಿದರೆ ಅಂಚುಗಳು ಒಳಕ್ಕೆ ಸರಿಯುತ್ತವೆಂಬ ನಂಬಿಕೆಯೂ ಇದೆ. ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಉಗುರಿನ ಬುಡದಲ್ಲಿ ಬಣ್ಣದ ಒಂದು ಚುಕ್ಕೆಯಿಟ್ಟು ತಿಂಗಳಿಗೊಮ್ಮೆ ಅಳೆಯಿರಿ. ಚುಕ್ಕೆ ನೇರವಾಗಿ ಮುಂದಕ್ಕೆ ಹೋಗುವುದೇ ಹೊರತು ಪಕ್ಕಕ್ಕೆ ಸರಿಯದು. ಉಗುರು ಹುಟ್ಟುವುದು ಬುಡದ ಚರ್ಮದಡಿಯಿರುವ ಬೇರಿನಲ್ಲಿ. ನಮಗೆ ಕಾಣುವ ಭಾಗ ನಿರ್ಜೀವವಾದ ಕೆರಾಟಿನ್. ತುದಿಯಲ್ಲಿ ಹಾಕಿದ ಕಚ್ಚಿನ ಸುದ್ದಿ ಬೇರಿಗೆ ಮುಟ್ಟುವುದೇ ಇಲ್ಲ.

ಈಗ ಶಸ್ತ್ರವಿಲ್ಲದ ಚಿಕಿತ್ಸೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತೂಗೋಣ. ಪ್ರತಿಯೊಂದನ್ನೂ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಇದು ಏನನ್ನು ಬದಲಿಸುತ್ತದೆ? ಇದಕ್ಕೆ ಏನು ಬೇಕು? ಇದು ಎಲ್ಲಿ ಸೋಲುತ್ತದೆ?

ಮೊದಲನೆಯದು ಉಗುರುಬೆಚ್ಚಗಿನ ನೀರು. ದಿನಕ್ಕೆ ಎರಡು ಮೂರು ಬಾರಿ, ಹತ್ತರಿಂದ ಇಪ್ಪತ್ತು ನಿಮಿಷ ಪಾದವನ್ನು ಅದ್ದಿಟ್ಟರೆ ನೋವು ತಗ್ಗುತ್ತದೆ, ಚರ್ಮ ಮಣಿಯುತ್ತದೆ. ಅನಂತರ ಬೆರಳನ್ನು ಚೆನ್ನಾಗಿ ಒರಸಿ ಒಣಗಿಸತಕ್ಕದ್ದು. ಖರ್ಚಿಲ್ಲ. ಆದರೆ ನೀರು ಉಗುರನ್ನು ಚರ್ಮದಿಂದ ಬೇರ್ಪಡಿಸಲಾರದು; ಇದು ಮಿಕ್ಕ ಚಿಕಿತ್ಸೆಗೆ ಪೀಠಿಕೆ ಮಾತ್ರ.

ಎರಡನೆಯದು ಅಂಟುಪಟ್ಟಿ. ಔಷಧದ ಅಂಗಡಿಯಲ್ಲಿ ಸಿಗುವ ಹಿಗ್ಗುವ ಪಟ್ಟಿಯ ಒಂದು ತುದಿಯನ್ನು ಉಗುರಿಗೆ ತಾಗಿದ ಚರ್ಮದ ಮೇಲೆ ಅಂಟಿಸಿ, ಚರ್ಮವನ್ನು ಉಗುರಿನಿಂದ ಆಚೆಗೆ ಎಳೆದು, ಪಟ್ಟಿಯನ್ನು ಬೆರಳಿನ ಅಡಿಯಿಂದ ಓರೆಯಾಗಿ ಸುತ್ತಿ ಬಿಡುವುದು. ಇಲ್ಲಿ ಉಗುರನ್ನು ಮುಟ್ಟುವುದೇ ಇಲ್ಲ; ಚರ್ಮವನ್ನು ದೂರ ಸರಿಸುವುದಷ್ಟೆ. ಬೆರಳನ್ನು ಬಳೆಯಂತೆ ಬಿಗಿದರೆ ರಕ್ತಸಂಚಾರಕ್ಕೆ ಅಡ್ಡಿಯಾಗುವುದರಿಂದ ಹಾಗೆ ಕಟ್ಟತಕ್ಕದ್ದಲ್ಲ. ಬೆವರಿಗೂ ಕೆಸರಿಗೂ ಪಟ್ಟಿ ಕಳಚುತ್ತದೆ. ಆದುದರಿಂದ ದಿನವೂ ಹೊಸದಾಗಿ ಹಾಕುವ ತಾಳ್ಮೆ ಬೇಕು.

ಮೂರನೆಯದು ಹತ್ತಿಯ ಎಳೆ. ನೀರಿನಲ್ಲಿ ಮೆತ್ತಗಾದ ಬಳಿಕ ಉಗುರಿನ ಮೂಲೆಯಡಿಗೆ ಶುದ್ಧವಾದ ಹತ್ತಿಯ ಸಣ್ಣ ಎಳೆಯನ್ನು ಸೇರಿಸಿದರೆ ಅಂಚು ಕೊಂಚ ಮೇಲೆದ್ದು, ಚರ್ಮವನ್ನು ದಾಟಿ ಬೆಳೆಯಲು ದಾರಿಯಾಗುತ್ತದೆ. ಇದು ಪಟ್ಟಿಗಿಂತ ನೇರವಾಗಿ ಕೆಲಸ ಮಾಡುತ್ತದೆ. ಆದರೆ ಒರಟು ಕೈಯಿಂದ ತುರುಕಿದರೆ ಗಾಯವಾಗುತ್ತದೆ. ಒದ್ದೆಯಾದ ಹತ್ತಿಯನ್ನು ಬದಲಿಸದೆ ಬಿಟ್ಟರೆ ಅದೇ ಸೋಂಕಿಗೆ ಮನೆಯಾಗುತ್ತದೆ. ಮೊದಲ ಸಲ ವೈದ್ಯರ ಇಲ್ಲವೆ ದಾದಿಯರ ಕೈಯಿಂದ ಮಾಡಿಸಿ ನೋಡಿ ಕಲಿಯುವುದು ಲೇಸು.

ಮಿಕ್ಕೆರಡು ಮನೆಯ ಕೆಲಸಗಳಲ್ಲ. ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಉದ್ದಕ್ಕೆ ಸೀಳಿ, ಉಗುರಿನ ಅಂಚಿಗೆ ಒರೆಯಂತೆ ತೊಡಿಸುವ ಕ್ರಮವೊಂದುಂಟು. ಚೂಪಾದ ಅಂಚಿಗೂ ಮಾಂಸಕ್ಕೂ ನಡುವೆ ಗೋಡೆ ಬಿದ್ದಂತಾಗುತ್ತದೆ. ಸಲೈನಿನ ಕೊಳವೆಯ ತುಂಡೇ ಇದಕ್ಕೆ ಸಾಕಾಗುವುದರಿಂದ ಸಾಮಾನಿಗೆ ಬೆಲೆಯಿಲ್ಲ; ಆದರೆ ತೊಡಿಸುವಾಗ ಸಾಮಾನ್ಯವಾಗಿ ಬೆರಳಿಗೆ ಮರಗಟ್ಟಿಸುವ ಚುಚ್ಚುಮದ್ದು ಬೇಕಾದುದರಿಂದ ವೈದ್ಯರೇ ಮಾಡಬೇಕು. ಇನ್ನೊಂದು ಕ್ರಮದಲ್ಲಿ ತಂತಿಯನ್ನಾಗಲಿ ಪ್ಲಾಸ್ಟಿಕ್ ಪಟ್ಟಿಯನ್ನಾಗಲಿ ಉಗುರಿನ ಮೇಲೆ ಕೂರಿಸುತ್ತಾರೆ. ಅದು ಸ್ಪ್ರಿಂಗಿನಂತೆ ಎಳೆದು, ಬಾಗಿದ ಅಂಚುಗಳನ್ನು ಮೆಲ್ಲಗೆ ಎತ್ತುತ್ತದೆ. ಹಲ್ಲಿಗೆ ತಂತಿ ಕಟ್ಟುವಂತೆಯೇ ಇದು. ಚಿಮಟದಂತೆ ಬಾಗಿದ ಉಗುರಿಗೆ ಇದು ಹೊಂದುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಈ ಚಿಕಿತ್ಸೆಗೆ ಹಲವು ತಿಂಗಳು ಹಿಡಿಯುತ್ತದೆ. ಪಳಗಿದ ಕೈ ಬೇಕು, ಹಣವೂ ಬೇಕು. ತಂತಿ ತೆಗೆದ ಮೇಲೆ ಉಗುರು ಮತ್ತೆ ಬಾಗುವುದೂ ಉಂಟು.

ಇವುಗಳಲ್ಲಿ ಯಾವುದು ಮೇಲು? 2012ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ವಿಮರ್ಶೆ 24 ಪ್ರಯೋಗಗಳನ್ನು ಒಟ್ಟಿಗೆ ತೂಗಿತು. ಬೇನೆ ಮರಳದಂತೆ ತಡೆಯುವುದರಲ್ಲಿ ಶಸ್ತ್ರಚಿಕಿತ್ಸೆಯೇ ಪ್ರಾಯಶಃ ಮೇಲೆಂದು ಅದು ಹೇಳಿತು. ಇದನ್ನು ಮುಂದಿಟ್ಟು, ಹಾಗಾದರೆ ಮೊದಲೇ ಕತ್ತರಿಸಿಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಮೊದಲ ಹಂತದ ಬೇನೆ ಸಣ್ಣ ಉಪಾಯಗಳಿಗೆ ಮಣಿಯುವುದುಂಟು. ಆ ಉಪಾಯಗಳನ್ನು ಸರಿಯಾಗಿ ಮಾಡಿದರೆ ಹಾನಿ ಅತ್ಯಲ್ಪ. ಸೋತರೂ ಶಸ್ತ್ರದ ಬಾಗಿಲು ತೆರೆದೇ ಇರುತ್ತದೆ. ಆದಕಾರಣ, ಬಿಗಿ ಬೂಟನ್ನು ಬಿಟ್ಟು, ಬೆಚ್ಚಗಿನ ನೀರು ಮತ್ತು ಅಂಟುಪಟ್ಟಿಯಿಂದ ಆರಂಭಿಸಿ, ಸಾಲದಿದ್ದರೆ ಹತ್ತಿಗೆ ಹೋಗುವುದೇ ನಮ್ಮ ಹಳ್ಳಿಗಳಿಗೆ ಯೋಗ್ಯವಾದ ಕ್ರಮವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಆದರೆ ಇದಕ್ಕೆ ಗಡುವು ಇರಬೇಕು. ಎರಡು ವಾರಗಳಲ್ಲಿ ಗುಣ ಕಾಣದಿದ್ದರೆ, ಕೀವು ಬಂದರೆ, ಕೆಂಪು ಹರಡಿದರೆ, ಜ್ವರ ಬಂದರೆ, ಮನೆಯ ಉಪಾಯವನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು. ಅಂಗಡಿಯಿಂದ ಆಂಟಿಬಯಾಟಿಕ್ ಗುಳಿಗೆಗಳನ್ನು ತಂದು ನುಂಗುವುದು ಪರಿಹಾರವಲ್ಲ. ಗುಳಿಗೆ ಮುಳ್ಳನ್ನು ಕೀಳುವುದಿಲ್ಲ.

ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ಮನೆಗೆ ಒಯ್ಯಬೇಕು. ಮೇಲೆ ಹೇಳಿದ್ದು ಆರೋಗ್ಯವಂತರಾದ ಎಳೆಯರಿಗೆ. ಮನೆಯ ಹಿರಿಯರಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರಬಹುದು, ರಕ್ತಸಂಚಾರ ಇಳಿದಿರಬಹುದು. ನೀರು ಸುಡುವುದೂ ಅವರಿಗೆ ತಿಳಿಯದು. ಕಡಲೆಯಷ್ಟು ಗಾಯ ಬೆರಳನ್ನೇ, ಕೆಲವೊಮ್ಮೆ ಪಾದವನ್ನೇ ಕಳೆಯುವ ಮಟ್ಟಕ್ಕೆ ಹೋಗಬಹುದು. ಅಂಥವರಿಗೆ ಮೊದಲನೆಯ ದಿನವೇ ವೈದ್ಯರು ಬೇಕು.

ಚಿಕಿತ್ಸೆಗಿಂತ ತಡೆ ಸುಲಭ. ಉಗುರನ್ನು ನೇರವಾಗಿ ಅಡ್ಡಕ್ಕೆ ಕತ್ತರಿಸಿ, ಮೂಲೆಗಳು ಚರ್ಮದ ಮೇಲೆ ಕಾಣುವಂತೆ ಬಿಡಬೇಕು. ತೀರ ಗಿಡ್ಡ ಮಾಡಬಾರದು. ಪಾದಕ್ಕೆ ಗಾಳಿ ಬೇಕು. ನಮ್ಮ ಗಡಿಸೀಮೆಯ ಕುಶಲಿಗಳು ಹೊಲಿಯುವ ಕೊಲ್ಲಾಪುರಿ ಕಾಲ್ಮರಿಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಬೆರಳುಗಳನ್ನು ಹರಡಲು ಬಿಡುವ ಅಂಥ ಪಾದರಕ್ಷೆಯನ್ನು ಹಳೆಯದೆಂದು ಹೀಗಳೆಯುವುದು ಅವಿವೇಕ. ಆದರೆ ಕಬ್ಬಿನ ಕೂಳೆಯ ನಡುವೆ ತೆರೆದ ಕಾಲು ಎಡವಿ ಉಗುರು ಒಡೆಯಬಹುದು. ಅಲ್ಲಿ ಮುಂಭಾಗ ಅಗಲವಾದ ಬೂಟೇ ಸರಿ.

ಕರ್ನಾಟಕದ ಸರಕಾರಿ ಶಾಲೆಗಳ ಮಕ್ಕಳಿಗೆ ಬೂಟು, ಕಾಲುಚೀಲಗಳನ್ನು ಕೊಡುವ ಯೋಜನೆ ನಡೆದುಬಂದಿದೆ. ಸ್ತುತ್ಯವಾದ ಕಾರ್ಯ. ಆದರೆ ಬೂಟಿನ ಅಳತೆಯನ್ನು ತರಗತಿಯಿಂದಲ್ಲ, ಪಾದದಿಂದ ತೆಗೆದುಕೊಳ್ಳಬೇಕು. ವಿದ್ಯಾರ್ಥಿ ಸಂಜೆಯ ವೇಳೆ ಕಾಗದದ ಮೇಲೆ ನಿಂತು ಎರಡೂ ಪಾದಗಳ ಸುತ್ತ ಗೆರೆ ಎಳೆಯಲಿ. ಆ ಚಿತ್ರವನ್ನು ಕತ್ತರಿಸಿ ಬೂಟಿನೊಳಗೆ ಹರಡಲಿ. ಕಾಗದ ಮಡಿಸಿಕೊಂಡರೆ ಬೆರಳೂ ಮಡಿಸಿಕೊಳ್ಳುತ್ತದೆಂದು ಅರ್ಥ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪ್ರೌಢಶಾಲೆಗಳ ವಿಜ್ಞಾನದ ಅಧ್ಯಾಪಕರು ಇದನ್ನು ಒಂದು ಗಂಟೆಯ ಪ್ರಯೋಗವಾಗಿ ಮಾಡಿಸಿ, ಆ ಅಳತೆಗಳನ್ನು ಬೂಟು ಕೊಳ್ಳುವವರ ಕೈಗೆ ಕೊಡಲಿ. ಒಂದು ಹಾಳೆ ಕಾಗದ, ಒಂದು ಸೀಸದಕಡ್ಡಿ ಸಾಕು.