ಅನ್ಯಗ್ರಹದ ಅನಿಲ: ಕಂಡದ್ದು ದೂರದರ್ಶಕ, ಹೆಸರಿಟ್ಟವರು ಯಾರು?

ಭೂಮಿಯಿಂದ 124 ಜ್ಯೋತಿರ್ವರ್ಷಗಳಾಚೆ, ಸಿಂಹ ರಾಶಿಯ ದಿಕ್ಕಿನಲ್ಲಿರುವ ಕೆ2-18ಬಿ ಎಂಬ ಗ್ರಹ 2025ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಮುಖಪುಟದ ಸುದ್ದಿಯಾಯಿತು. ಅದರ ವಾಯುಮಂಡಲದಲ್ಲಿ ಡೈಮೀಥೈಲ್ ಸಲ್ಫೈಡ್, ಇಲ್ಲವೇ ಅದರ ದಾಯಾದಿಯಾದ ಡೈಮೀಥೈಲ್ ಡೈಸಲ್ಫೈಡ್‌ನ ಸುಳಿವು ಜೇಮ್ಸ್ ವೆಬ್ ದೂರದರ್ಶಕಕ್ಕೆ ದೊರೆತಿದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿ, ಭಾರತ ಮೂಲದ ನಿಕ್ಕು ಮಧುಸೂದನ್ ನೇತೃತ್ವದ ತಂಡ ಪ್ರಕಟಿಸಿತು. ಭೂಮಿಯಲ್ಲಿ ಈ ಅನಿಲದ ಬಹುಭಾಗ ಬರುವುದು ಸಮುದ್ರದ ಸೂಕ್ಷ್ಮಜೀವಿಗಳಿಂದ. 'ಅನ್ಯಗ್ರಹದಲ್ಲಿ ಜೀವ' ಎಂಬ ಶೀರ್ಷಿಕೆಗೆ ಇಷ್ಟು ಸಾಕಾಯಿತು.

ಅನಂತರ ನಡೆದ ವಾದ-ವಿವಾದ ಅಷ್ಟು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಲಿಲ್ಲ. ಆದರೆ ಪ್ರಕರಣದ ತಿರುಳು ಇರುವುದು ಅಲ್ಲಿಯೇ. ದೂರದರ್ಶಕ ಯಾವ ಅನಿಲವನ್ನೂ ನೇರವಾಗಿ ಗುರುತಿಸುವುದಿಲ್ಲ. ಗ್ರಹವು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಅದರ ವಾಯುಮಂಡಲದ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಕೆಲವು ತರಂಗಾಂತರಗಳು ಕ್ಷೀಣಿಸಿರುತ್ತವೆ. ಈ ಏರಿಳಿತದ ಗೆರೆಯೇ ರೋಹಿತ. ದೂರದರ್ಶಕ ಕೊಡುವುದು ಇಷ್ಟನ್ನೇ. ಘಟನಾಸ್ಥಳದ ಬೆರಳಚ್ಚನ್ನು ಪೊಲೀಸರು ತಮ್ಮ ದಾಖಲೆಯೊಡನೆ ಹೋಲಿಸುವಂತೆ, ಈ ರೋಹಿತವನ್ನೂ ಮೊದಲೇ ಸಿದ್ಧವಾಗಿರುವ ಪಟ್ಟಿಯೊಡನೆ ಹೋಲಿಸಬೇಕು. ಪಟ್ಟಿಯಲ್ಲಿ ಇಲ್ಲದವನ ಹೆಸರು ತನಿಖೆಯಲ್ಲಿ ಎಂದೂ ಹೊರಬಾರದು.

ಹಾಗಾದರೆ ಈ ಪಟ್ಟಿಯನ್ನು ಸಿದ್ಧಪಡಿಸುವವರು ಯಾರು?

ಗಣಕದೊಳಗಿನ ರಸಾಯನಶಾಲೆ

ಪ್ರಯೋಗಾಲಯದಲ್ಲಿ ಅನಿಲವನ್ನು ಕೊಳವೆಯಲ್ಲಿ ತುಂಬಿ ಅಳೆಯುವುದು ಹಳೆಯ ಕ್ರಮ. ಇದರ ಹೆಸರಾಂತ ಸಂಗ್ರಹವಾದ 'ಹಿಟ್ರಾನ್' 1960ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಅಗತ್ಯಕ್ಕಾಗಿ ಆರಂಭವಾಯಿತು. ಅದರ ಲಕ್ಷ್ಯ ಭೂಮಿಯ ವಾಯುಮಂಡಲ. ಅದರ ಆಧಾರ ಉಷ್ಣಾಂಶ 296 ಕೆಲ್ವಿನ್, ಅಂದರೆ ಸುಮಾರು 23 ಡಿಗ್ರಿ ಸೆಲ್ಸಿಯಸ್. ಸಾವಿರ ಡಿಗ್ರಿ ಮೀರಿ ಕಾದ ಗ್ರಹಗಳಲ್ಲಿ ಅದೇ ಅಣುವಿನ ರೋಹಿತ ಗುರುತು ಸಿಗದಷ್ಟು ಬದಲಾಗುತ್ತದೆ. ತಣ್ಣಗಿರುವಾಗ ಕಾಣದ ಕೋಟ್ಯಂತರ ಗೆರೆಗಳು ಆಗ ಎದ್ದು ಬರುತ್ತವೆ. ಇನ್ನು ಕೆಲವು ಅಣುಗಳು ವಿಷಕಾರಿ, ಕೆಲವು ಕ್ಷಣಾರ್ಧದಲ್ಲಿ ಒಡೆದುಹೋಗುವಂಥವು. ಇವುಗಳನ್ನೆಲ್ಲ ಅಳೆಯುವುದು ಮನುಷ್ಯಮಾತ್ರದವರಿಂದ ಆಗುವ ಕೆಲಸವಲ್ಲ.

ಗಣಕ ರಸಾಯನಶಾಸ್ತ್ರ ಪ್ರವೇಶಿಸುವುದು ಇಲ್ಲಿ. ಪರಮಾಣುಗಳ ನಡುವೆ ಇಲೆಕ್ಟ್ರಾನುಗಳು ಹೇಗೆ ಹಂಚಿಕೊಂಡಿವೆ ಎಂಬುದನ್ನು ಕ್ವಾಂಟಂ ಸಮೀಕರಣಗಳಿಂದ ಲೆಕ್ಕಹಾಕಿ, ಆ ಅಣು ಹೇಗೆ ಕಂಪಿಸುತ್ತದೆ, ಹೇಗೆ ಸುತ್ತುತ್ತದೆ, ಆಗ ಯಾವ ತರಂಗಾಂತರವನ್ನು ಎಷ್ಟು ಹೀರುತ್ತದೆ ಎಂದು ಹೇಳುವ ವಿದ್ಯೆಯಿದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜೊನಾಥನ್ ಟೆನಿಸನ್ ಮತ್ತು ಸೆರ್ಗೆಯ್ ಯೂರ್ಚೆಂಕೊ 2011ರಲ್ಲಿ ಆರಂಭಿಸಿದ 'ಎಕ್ಸೊಮಾಲ್' ಯೋಜನೆಯ ಉದ್ದೇಶ ಇದೇ. ನಾಲ್ಕೇ ನಾಲ್ಕು ಪರಮಾಣುಗಳ ಫಾಸ್ಫೀನ್ ಅಣುವಿಗೆ ಅಲ್ಲಿ ಸಿದ್ಧವಾದ ಪಟ್ಟಿಯಲ್ಲಿ 1,680 ಕೋಟಿ ಗೆರೆಗಳಿವೆ. ಓದುಗರು ಅಂಕಿಯನ್ನು ಮತ್ತೊಮ್ಮೆ ನೋಡಬಹುದು, ಮುದ್ರಣದೋಷವಲ್ಲ.

ಈ ಲೆಕ್ಕಾಚಾರ ಲೋಪರಹಿತವೆಂದು ತಿಳಿಯಬೇಕಾಗಿಲ್ಲ. ಸಾವಿರದಲ್ಲಿ ಒಂದು ಪಾಲಿನ ತಪ್ಪು ಬೇರೆ ಎಲ್ಲಿಯಾದರೂ ನಗಣ್ಯ. ಆದರೆ ರೇಡಿಯೊ ದೂರದರ್ಶಕದ ಸೂಕ್ಷ್ಮತೆಗೆ ಅದು ಬೇರೊಂದು ಅಣುವಿನ ಗೆರೆಯ ಮೇಲೆ ಹೋಗಿ ನಿಲ್ಲಿಸುವಷ್ಟು ದೊಡ್ಡ ತಪ್ಪು. ಆದ್ದರಿಂದ ಗಣಕ ದಾರಿ ತೋರಿಸುತ್ತದೆ, ಪ್ರಯೋಗಾಲಯ ಮುದ್ರೆ ಒತ್ತುತ್ತದೆ. 1970ರಲ್ಲಿ ಡೇವಿಡ್ ಬೂಲ್ ಮತ್ತು ಲೂಯಿಸ್ ಸ್ನೈಡರ್ 89.19 ಗಿಗಾಹರ್ಟ್ಸ್ ಆವರ್ತನದಲ್ಲಿ ಒಂದು ಅಪರಿಚಿತ ಗೆರೆಯನ್ನು ಕಂಡು, ಹೆಸರು ತಿಳಿಯದೆ 'ಎಕ್ಸೋಜೆನ್' ಎಂದು ಕರೆದಿದ್ದರು. ಹೈಡ್ರೋಜನ್, ಇಂಗಾಲ, ಆಮ್ಲಜನಕದ ಒಂದೊಂದು ಪರಮಾಣು ಸೇರಿದ ಧನ ಅಯಾನು ಅದಾಗಿರಬೇಕೆಂದು ರಸಾಯನಶಾಸ್ತ್ರಜ್ಞ ವಿಲಿಯಂ ಕ್ಲೆಂಪರರ್ ಊಹಿಸಿದರು. 1973ರಲ್ಲಿ ಕ್ವಾಂಟಂ ಲೆಕ್ಕಾಚಾರ ಆ ಊಹೆಗೆ ಬಲ ನೀಡಿತು. ಪ್ರಯೋಗಾಲಯದ ಸಾಕ್ಷಿ ದೊರೆತದ್ದು 1975ರಲ್ಲಿ. 2023ರಲ್ಲಿಯೂ ಕಥೆ ಹೀಗೆಯೇ ನಡೆಯಿತು. ಮಹಾವ್ಯಾಧ ನೀಹಾರಿಕೆಯಲ್ಲಿ ವೆಬ್ ಕಂಡ ಅಪರಿಚಿತ ಗೆರೆಗಳು ಮೀಥೈಲ್ ಧನ ಅಯಾನುವಿನವು ಎಂದು ದೃಢಪಟ್ಟದ್ದು ಖಗೋಳಜ್ಞರು, ಗಣಕ ರಸಾಯನಶಾಸ್ತ್ರಜ್ಞರು ಮತ್ತು ಪ್ರಯೋಗಾಲಯದವರು ಒಟ್ಟಿಗೆ ಕುಳಿತ ಮೇಲೆ.

ಪಟ್ಟಿ ಬೆಳೆದಂತೆ ಬದಲಾದ ತೀರ್ಪು

ಕೆ2-18ಬಿ ಪ್ರಕರಣದಲ್ಲಿ ಮೂರೂ ಕಡೆಯವರು ಒಟ್ಟಿಗೆ ಕೂಡುವ ಮೊದಲೇ ಸುದ್ದಿ ಹೊರಬಿತ್ತು ಎಂಬುದು ಈ ಲೇಖಕನ ಅಭಿಪ್ರಾಯ. ಡೈಮೀಥೈಲ್ ಸಲ್ಫೈಡ್‌ಗೆ ಲಭ್ಯವಿದ್ದ ದತ್ತಾಂಶ ಕೋಣೆಯ ಉಷ್ಣಾಂಶದಲ್ಲಿ, ಸಾರಜನಕದ ನಡುವೆ, ಭೂಮಿಯ ವಾಯುಒತ್ತಡದಲ್ಲಿ ಅಳೆದದ್ದು. ಆ ಗ್ರಹದ ವಾಯುಮಂಡಲದಲ್ಲಿ ಪ್ರಧಾನವಾಗಿರುವುದು ಹೈಡ್ರೋಜನ್ ಎಂಬುದು ಅದೇ ತಂಡದ ನಿಲುವು. ಇನ್ನೂ ಮುಖ್ಯವಾದ ತೊಡಕೆಂದರೆ, ಇಂಗಾಲಕ್ಕೆ ಮೂರು ಹೈಡ್ರೋಜನ್ ಅಂಟಿಕೊಂಡ ಮೀಥೈಲ್ ಗುಂಪು ಹೆಚ್ಚುಕಡಿಮೆ ಒಂದೇ ತರಂಗಾಂತರದಲ್ಲಿ ಕಂಪಿಸುತ್ತದೆ. ಅದು ನೂರಾರು ಅಣುಗಳಲ್ಲಿದೆ. ವೆಬ್‌ನ ಮಸುಕಾದ ರೋಹಿತದಲ್ಲಿ ಇವುಗಳನ್ನು ಬಿಡಿಸಿ ಹೇಳುವುದು ಕಷ್ಟ.

'ಮೂರು ಸಿಗ್ಮಾ' ಎಂಬ ಅಂಕಿಯೂ ಆಗ ಬಹಳ ಓಡಾಡಿತು. ಈ ಸುಳಿವು ಆಕಸ್ಮಿಕವಾಗಿರುವ ಸಂಭವ ಶೇ. 0.3 ಎಂದು ಅದನ್ನು ವಿವರಿಸಲಾಯಿತು. ಆದರೆ ಈ ಲೆಕ್ಕ ಪರೀಕ್ಷೆಗೆ ಒಳಪಡಿಸಿದ ಅಣುಗಳಿಗೆ ಮಾತ್ರ ಅನ್ವಯಿಸುತ್ತದೆ. ಮೂಲ ಅಧ್ಯಯನ ಪರಿಶೀಲಿಸಿದ್ದು ಸುಮಾರು 20 ಅಣುಗಳನ್ನು. ಹಿಂದೆ ಮಧುಸೂದನ್ ಅವರ ಶಿಷ್ಯರೇ ಆಗಿದ್ದ ಲೂಯಿಸ್ ವೆಲ್‌ಬ್ಯಾಂಕ್ಸ್ ಮತ್ತು ಸಂಗಡಿಗರು ಪಟ್ಟಿಯನ್ನು 90ಕ್ಕೆ ಹಿಗ್ಗಿಸಿದಾಗ 50ಕ್ಕೂ ಹೆಚ್ಚು ಅಣುಗಳು ಅದೇ ರೋಹಿತಕ್ಕೆ ಹೊಂದಿಕೊಂಡವು. ಇದಕ್ಕೆ ಉತ್ತರವಾಗಿ ಕೇಂಬ್ರಿಜ್ ತಂಡ 650 ಅಣುಗಳನ್ನು ಪರೀಕ್ಷಿಸಿ, ಡೈಮೀಥೈಲ್ ಸಲ್ಫೈಡ್ ಈಗಲೂ ಮುಂಚೂಣಿಯ ಕೆಲವೇ ಅಣುಗಳಲ್ಲಿ ಒಂದೆಂದು ಹೇಳಿತು. ಗ್ರಹ ಅದೇ, ಬೆಳಕೂ ಅದೇ. ಪಟ್ಟಿ ಬದಲಾದಂತೆ ತೀರ್ಪಿನ ತೂಕ ಬದಲಾಯಿತು. ಹೆಸರು ಸರಿಯೆಂದೇ ಇಟ್ಟುಕೊಂಡರೂ ಜೀವದ ಮಾತು ದೂರವೇ ಉಳಿಯುತ್ತದೆ. ಜೀವವಿಲ್ಲದ 67ಪಿ ಧೂಮಕೇತುವಿನಲ್ಲಿಯೂ ಈ ಅಣು ಇತ್ತೆಂದು ರೊಸೆಟ್ಟಾ ನೌಕೆಯ ದತ್ತಾಂಶ ಆಧರಿಸಿದ ಅಧ್ಯಯನ 2024ರಲ್ಲಿ ತಿಳಿಸಿದೆ.

2020ರ ಸೆಪ್ಟೆಂಬರ್‌ನಲ್ಲಿ ಶುಕ್ರಗ್ರಹದ ಫಾಸ್ಫೀನ್ ಸುದ್ದಿಯಾದಾಗ ಪಟ್ಟಿಯ ಕೊರತೆ ಇರಲಿಲ್ಲ. ಅಲ್ಲಿ ತೊಡಕು ಬೇರೆ ತೆರನಾದದ್ದು. ಸುಮಾರು 267 ಗಿಗಾಹರ್ಟ್ಸ್ ಬಳಿ ಫಾಸ್ಫೀನ್‌ನ ಗೆರೆಯೂ ಶುಕ್ರನಲ್ಲಿ ಹೇರಳವಾಗಿರುವ ಸಲ್ಫರ್ ಡೈಆಕ್ಸೈಡ್‌ನ ಗೆರೆಯೂ ಒಂದರ ಮಗ್ಗುಲಲ್ಲಿ ಒಂದಿವೆ. ಆ ವಿವಾದ ಇನ್ನೂ ಬಗೆಹರಿದಿಲ್ಲ.

ವೆಬ್ ದೂರದರ್ಶಕಕ್ಕೆ ವ್ಯಯವಾದದ್ದು ಸುಮಾರು 1,000 ಕೋಟಿ ಡಾಲರ್. ಗ್ರಹಗಳ ವಾಯುಮಂಡಲದಲ್ಲಿ ಅನಿಲರೂಪದಲ್ಲಿರಬಹುದಾದ ಸಣ್ಣ ಅಣುಗಳು ಸುಮಾರು 14 ಸಾವಿರ ಎಂದು ಸಾರಾ ಸೀಗರ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪಟ್ಟಿಮಾಡಿದ್ದರು. ಇವುಗಳ ಸ್ಥೂಲ ರೋಹಿತವನ್ನಾದರೂ ಶೀಘ್ರವಾಗಿ ಅಂದಾಜಿಸುವ ಪ್ರಯತ್ನ ನಡೆದಿದೆ. ಆದರೆ ನಂಬಿ ಮುದ್ರೆ ಒತ್ತಬಹುದಾದ ವಿವರವಾದ ಪಟ್ಟಿ ಎಕ್ಸೊಮಾಲ್‌ನಲ್ಲಿ 2024ರ ವೇಳೆಗೆ ಸಿದ್ಧವಾಗಿದ್ದದ್ದು ಸುಮಾರು 90 ಅಣುಗಳಿಗೆ.